ವೀರಗಲ್ಲು, ನಿಸಿದಿ, ಬಸದಿ: ಯೋಧಸ್ಮರಣೆಯ ಕನ್ನಡ ಪರಂಪರೆ

ಊರಿನಲ್ಲಿ ಬಸದಿಯ ಪ್ರತಿಷ್ಠೆ ನಡೆಯುವಾಗ ಆಚಾರ್ಯ ಪರಂಪರೆಯನ್ನು ನೆನೆಯುವುದು, ದಾನಿಗಳ ಹೆಸರನ್ನು ಕಲ್ಲಿನಲ್ಲಿ ಬರೆಸುವುದು, ಅಗಲಿದ ಹಿರಿಯರ ಸೇವೆಯನ್ನು ಸ್ಮರಿಸುವುದು ಪೂರ್ವಕಾಲದಿಂದ ನಡೆದುಬಂದ ಸತ್ಸಂಪ್ರದಾಯ. ಈ ಸಂಪ್ರದಾಯವನ್ನು ನೆಲೆಗೊಳಿಸಿದ ಪೂರ್ವಿಕರು ಮತ್ತೊಂದು ವರ್ಗದವರನ್ನೂ ಮರೆಯಲಿಲ್ಲ. ಅವರೇ ನಾಡಿಗಾಗಿ, ಊರಿಗಾಗಿ, ಒಡೆಯನಿಗೆ ಕೊಟ್ಟ ಮಾತಿಗಾಗಿ ರಣಭೂಮಿಯಲ್ಲಿ ಪ್ರಾಣವನ್ನರ್ಪಿಸಿದ ಯೋಧರು. ಶ್ರವಣಬೆಳಗೊಳದಂಥ ಪರಮ ಪಾವನ ಕ್ಷೇತ್ರದಲ್ಲಿಯೇ ಮುನಿಗಳ ನಿಸಿದಿಗಳೊಡನೆ ವೀರರ ಸ್ಮಾರಕಗಳೂ ನಿಂತಿವೆ.

ಇದನ್ನು ಕಂಡವರಿಗೆ ಒಂದು ಪ್ರಶ್ನೆ ಏಳುವುದು ಸ್ವಾಭಾವಿಕ. ಅಹಿಂಸೆಯನ್ನು ಪರಮಧರ್ಮವೆಂದು ಸಾರಿದ ಸಮಾಜವು ಖಡ್ಗ ಹಿಡಿದು ಮಡಿದವನನ್ನು ಗೌರವಿಸಿದ್ದು ಹೇಗೆ? ಗೌರವಿಸಿದ್ದು ನಿಜವಾದರೆ, ಆ ಗೌರವದ ಸ್ವರೂಪ ಎಂಥದು? ಈ ಪ್ರಶ್ನೆಗೆ ಶಾಸನಗಳು ಕೊಡುವ ಉತ್ತರವು ಕೇವಲ ಹಳೆಯ ಕಾಲಕ್ಕೆ ಸಂಬಂಧಿಸಿದ್ದಲ್ಲ. ಇಂದಿನ ಕರ್ತವ್ಯವನ್ನೂ ಅದು ತೋರಿಸಿಕೊಡುತ್ತದೆ.

ಕಲ್ಲು ಕಾಪಾಡಿದ ಹೆಸರು

ಕನ್ನಡ ನಾಡಿನ ಶಾಸನಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ನೋಡಬಹುದು. ಮೊದಲನೆಯದು ಅರಸರ ಪ್ರಶಸ್ತಿ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಮೇಗುತಿ ಜಿನಾಲಯದ ಗೋಡೆಯ ಮೇಲೆ ಕವಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಬರೆಸಿದ ಶಾಸನವು ಇದಕ್ಕೆ ಶ್ರೇಷ್ಠ ನಿದರ್ಶನ. ಇಮ್ಮಡಿ ಪುಲಕೇಶಿಯ ದಿಗ್ವಿಜಯ, ಹರ್ಷವರ್ಧನನ ಪರಾಭವ, ಸೋತ ಅರಸರ ಸಾಲು ಇವೆಲ್ಲವೂ ಅಲ್ಲಿ ಉತ್ತಮ ಕಾವ್ಯವಾಗಿ ಮೂಡಿವೆ. ಆದರೆ ಆ ಯುದ್ಧಗಳಲ್ಲಿ ಕಾದಿ ಸತ್ತ ಸಾಮಾನ್ಯ ಭಟನ ಹೆಸರು ಅಲ್ಲಿ ಬರುವುದಿಲ್ಲ. ಪ್ರಶಸ್ತಿಯ ಉದ್ದೇಶವೂ ಅದಾಗಿರಲಿಲ್ಲ.

ಎರಡನೆಯ ಬಗೆಯದು ವೀರಗಲ್ಲು. ಪ್ರಶಸ್ತಿಯು ಬಿಟ್ಟುದನ್ನು ಈ ಕಲ್ಲು ತುಂಬಿಕೊಟ್ಟಿತು. ಸಾವಿರಾರು ಸಂಖ್ಯೆಯಲ್ಲಿ ಕರ್ನಾಟಕದ ಊರೂರುಗಳಲ್ಲಿ ನಿಂತಿರುವ ಈ ಕಲ್ಲುಗಳು ಬಹುಪಾಲು ಸಾಮಾನ್ಯರ ಸ್ಮಾರಕಗಳು. ಶತ್ರುಗಳು ಹಿಡಿದೊಯ್ದ ದನಗಳನ್ನು ಬಿಡಿಸಿ ತರಲು ಹೋಗಿ ಸತ್ತವನು, ಊರಿನ ಮೇಲೆ ದಾಳಿಯಾದಾಗ ಅಡ್ಡ ನಿಂತವನು, ಹೆಣ್ಣಿನ ಮಾನ ಕಾಯಲು ಪ್ರಾಣ ಕೊಟ್ಟವನು ಇವರೆಲ್ಲರೂ ಅಲ್ಲಿ ತಮ್ಮ ತಂದೆಯ ಹೆಸರು, ಊರಿನ ಹೆಸರುಗಳೊಡನೆ ಉಳಿದಿದ್ದಾರೆ. ತುಱುಗೊಳ್, ಊರಳಿವು, ಪೆಣ್ಬುಯ್ಯಲ್ ಎಂಬ ಶಬ್ದಗಳು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದನ್ನು ಗಮನಿಸಿದರೆ ಅಂದಿನ ಜನಜೀವನಕ್ಕೆ ಒದಗುತ್ತಿದ್ದ ಆಪತ್ತುಗಳ ಕಲ್ಪನೆ ಬರುತ್ತದೆ.

ಕಲ್ಲು ನೆಡಿಸಿದರೆ ಸ್ಮರಣೆ ಮುಗಿಯಿತೆಂದು ಅಂದಿನವರು ಭಾವಿಸಲಿಲ್ಲ ಎಂಬುದು ಇಲ್ಲಿ ಮುಖ್ಯವಾದ ಸಂಗತಿ. ಮಡಿದವನ ಮನೆಯವರಿಗೆ ಭೂಮಿಯನ್ನು ಬಿಡುವುದು ರೂಢಿಯಾಗಿತ್ತು. ಅದಕ್ಕೆ ನೆತ್ತರುಗೊಡಗೆ ಎಂದು ಹೆಸರು. ಕಲ್ನಾಡು, ಬಾಳ್ಗಚ್ಚು ಎಂಬ ದತ್ತಿಗಳೂ ಶೌರ್ಯಕ್ಕೆ ಸಂಬಂಧಿಸಿದವು. ಯಾವನ ನೆತ್ತರಿನಿಂದ ಊರು ಉಳಿಯಿತೋ ಅವನ ಮಕ್ಕಳು ಹಸಿಯಬಾರದು ಎಂಬ ನ್ಯಾಯ ಈ ಪದ್ಧತಿಯ ಬುಡದಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಿಲಾಶಾಸನವು ಇದರ ಪ್ರಸಿದ್ಧ ಉದಾಹರಣೆ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಗಂಗರ ಇಮ್ಮಡಿ ಬೂತುಗನ ನೆರವಿನಿಂದ ಕ್ರಿ.ಶ. 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಜಯಿಸಿದ ಸಂಗತಿಯನ್ನು ಅದು ಹೇಳುತ್ತದೆ. ಅಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಆತಕೂರು ದತ್ತಿಯಾಗಿ ದೊರೆಯಿತು. ಕಾಡುಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಅವನ ನಾಯಿಯ ನೆನಪನ್ನೂ ಅದೇ ಕಲ್ಲು ಉಳಿಸಿಕೊಂಡಿದೆ. ಮೂಕ ಪ್ರಾಣಿಯ ಉಪಕಾರವನ್ನೂ ಬರೆದಿಟ್ಟ ಜನ ಮನುಷ್ಯನ ತ್ಯಾಗವನ್ನು ಮರೆಯುವುದು ಸಾಧ್ಯವಿರಲಿಲ್ಲ.

ಅಹಿಂಸಾಧರ್ಮವೂ ಕ್ಷಾತ್ರಧರ್ಮವೂ

ಜೈನ ಆಚಾರ್ಯರು ಶ್ರಾವಕನ ಅಹಿಂಸಾಣುವ್ರತವನ್ನು ವಿವರಿಸುವಾಗ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಬೇಕೆಂದೇ ಮಾಡುವ ಸಂಕಲ್ಪೀ ಹಿಂಸೆಯು ಗೃಹಸ್ಥನಿಗೆ ಸರ್ವಥಾ ವರ್ಜ್ಯ. ಅಡಿಗೆ, ಮನೆಗೆಲಸಗಳಲ್ಲಿ ಅನಿವಾರ್ಯವಾಗಿ ಆಗುವುದು ಆರಂಭೀ; ಕೃಷಿ ಮೊದಲಾದ ವೃತ್ತಿಗಳಲ್ಲಿ ಆಗುವುದು ಉದ್ಯೋಗೀ. ತನ್ನನ್ನೂ ತನ್ನ ಆಶ್ರಿತರನ್ನೂ ನಾಡನ್ನೂ ಆಕ್ರಮಣದಿಂದ ಕಾಯುವಾಗ ಸಂಭವಿಸುವುದು ವಿರೋಧೀ. ಸರ್ವಸಂಗಪರಿತ್ಯಾಗಿಯಾದ ಮುನಿಗೆ ಈ ನಾಲ್ಕೂ ತ್ಯಾಜ್ಯ. ಸಂಸಾರದಲ್ಲಿರುವ ಶ್ರಾವಕನಾದರೋ ರಕ್ಷಣೆಯ ಹೊಣೆಯಿಂದ ತಪ್ಪಿಸಿಕೊಳ್ಳುವಂತಿಲ್ಲ.

ಕ್ರಿ.ಶ. 959ರಲ್ಲಿ ಯಶಸ್ತಿಲಕ ಚಂಪುವನ್ನು ರಚಿಸಿದ ಸೋಮದೇವಸೂರಿಗಳು ಇದಕ್ಕೆ ಸ್ಪಷ್ಟವಾದ ಎಲ್ಲೆಯನ್ನು ಹಾಕಿಕೊಟ್ಟಿದ್ದಾರೆ. ಆಯುಧ ಹಿಡಿದು ರಣಕ್ಕೆ ಬಂದವನ ಮೇಲೆ, ನಾಡಿಗೆ ಕಂಟಕನಾದವನ ಮೇಲೆ ಮಾತ್ರ ಅರಸನು ಶಸ್ತ್ರವೆತ್ತಬೇಕು. ದೀನರ ಮೇಲೆ, ದುರ್ಬಲರ ಮೇಲೆ, ಸದ್ಭಾವವುಳ್ಳವರ ಮೇಲೆ ಎತ್ತಕೂಡದು ಎಂಬುದು ಅವರ ಅಭಿಪ್ರಾಯ. ಅಂದರೆ ಶೌರ್ಯಕ್ಕೆ ಮನ್ನಣೆಯುಂಟು, ಕ್ರೌರ್ಯಕ್ಕಿಲ್ಲ.

ಈ ವಿವೇಕವನ್ನು ಶಿಲ್ಪಿಯೂ ಬಲ್ಲವನಾಗಿದ್ದ. ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಅವನ ಇಷ್ಟದೈವದ ಸನ್ನಿಧಿ. ಜೈನ ವೀರನ ಕಲ್ಲಿನಲ್ಲಿ ಆ ಮೇಲಿನ ಸ್ಥಾನದಲ್ಲಿ ಧ್ಯಾನಸ್ಥನಾದ ಜಿನಬಿಂಬವಿರುತ್ತದೆ. ಕಾಳಗದ ಕೋಲಾಹಲದಿಂದ ಆರಂಭವಾದ ಕಥೆ ಪರಮಶಾಂತಿಯಲ್ಲಿ ಕೊನೆಗೊಳ್ಳುತ್ತದೆ. ಸ್ಮಾರಕವು ಕೊಂದುದನ್ನು ಕೊಂಡಾಡದೆ ಕೊಟ್ಟುದನ್ನು ನೆನೆಯಿತು.

ಸಾವಿಯಬ್ಬೆ, ಮಾರಸಿಂಹ, ಚಾವುಂಡರಾಯ

ಶ್ರವಣಬೆಳಗೊಳದಲ್ಲಿ ಹತ್ತನೆಯ ಶತಮಾನದ ವೀರಗಲ್ಲೊಂದಿದೆ. ಕುದುರೆಯನ್ನೇರಿ ಕತ್ತಿಯನ್ನೆತ್ತಿದ ಸ್ತ್ರೀಯೊಬ್ಬಳು ಆನೆಯ ಮೇಲಿರುವ ಶತ್ರುವನ್ನು ಎದುರಿಸುತ್ತಿರುವ ದೃಶ್ಯ ಅದರಲ್ಲಿದೆ. ಆಕೆ ಸಾವಿಯಬ್ಬೆ. ಪತಿಯಾದ ಲೋಕವಿದ್ಯಾಧರನ ಜೊತೆಯಲ್ಲಿ ಯುದ್ಧಕ್ಕೆ ಹೋಗಿ ಬಗೆಯೂರಿನಲ್ಲಿ ಕಾದಿ ಮಡಿದಳೆಂದು ಶಾಸನ ತಿಳಿಸುತ್ತದೆ. ಧರ್ಮಶ್ರದ್ಧೆಯಲ್ಲಿ ಆಕೆಯನ್ನು ಪುರಾಣಪ್ರಸಿದ್ಧಳಾದ ರೇವತಿಗೆ ಹೋಲಿಸಲಾಗಿದೆ. ಪರಮ ಶ್ರಾವಕಿ ಎಂಬ ಗುಣ, ರಣದಲ್ಲಿ ಬಿದ್ದ ವೀರಳೆಂಬ ಗುಣ ಇವೆರಡನ್ನೂ ಒಂದೇ ಕಲ್ಲಿನ ಮೇಲೆ ಕೆತ್ತಿಸಲು ಅಂದಿನವರಿಗೆ ಯಾವ ಸಂಕೋಚವೂ ಉಂಟಾಗಲಿಲ್ಲ.

ಗಂಗ ದೊರೆ ಇಮ್ಮಡಿ ಮಾರಸಿಂಹನ ಚರಿತ್ರೆ ಇನ್ನೊಂದು ಬಗೆಯದು. ನೊಳಂಬಕುಳಾಂತಕನೆಂದು ಬಿರುದು ಪಡೆದು, ಅನೇಕ ರಣಗಳಲ್ಲಿ ಜಯಶಾಲಿಯಾಗಿದ್ದ ಆ ಅರಸನು ಕೊನೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನಾಚರಿಸಿ ಕ್ರಿ.ಶ. 974ರ ಸುಮಾರಿಗೆ ದೇಹತ್ಯಾಗ ಮಾಡಿದನು. ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವ ಕಂಬದ ಶಾಸನವು ಅವನ ವಿಜಯಗಳನ್ನೂ ಈ ಅಂತಿಮ ವ್ರತವನ್ನೂ ಒಟ್ಟಿಗೆ ನಿರೂಪಿಸುತ್ತದೆ. ಹೊರಗಿನ ಶತ್ರುಗಳನ್ನು ಗೆದ್ದವನು ವೀರ. ಒಳಗಿನ ಶತ್ರುಗಳನ್ನು ಗೆದ್ದವನು ಜಿನ. ಮೊದಲನೆಯ ಗೆಲುವು ಎರಡನೆಯದರ ಹಾದಿಯನ್ನು ಮುಚ್ಚಲಿಲ್ಲವೆಂಬುದಕ್ಕೆ ಮಾರಸಿಂಹನೇ ಸಾಕ್ಷಿ.

ಅವನ ದಂಡನಾಯಕನಾಗಿದ್ದ ಚಾವುಂಡರಾಯನನ್ನು ಲೋಕವು ಗೊಮ್ಮಟೇಶ್ವರನ ನಿರ್ಮಾಪಕನೆಂದು ಅರಿತಿದೆ. ಆದರೆ ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ ಎಂಬ ಅವನ ಬಿರುದುಗಳು ಒಂದೊಂದೂ ಒಂದೊಂದು ಯುದ್ಧದ ಫಲ. ಸಮರಪರಶುರಾಮ ಎಂಬ ಬಿರುದಿನ ಹಿಂದೆ ಅವನ ಸಹೋದರ ನಾಗವರ್ಮನ ಮರಣದ ದುಃಖವಿದೆ. ಕ್ರಿ.ಶ. 978ರಲ್ಲಿ ತ್ರಿಷಷ್ಟಿಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದ ಕೈ, ಕತ್ತಿ ಹಿಡಿದ ಕೈಯೇ. ವಿಂಧ್ಯಗಿರಿಯ ಮೇಲೆ ಅವನು ನಿಲ್ಲಿಸಿದ್ದು ಯಾರ ಮೂರ್ತಿ? ಯುದ್ಧದಲ್ಲಿ ಅಣ್ಣನನ್ನು ಗೆದ್ದೂ ಆ ಗೆಲುವನ್ನು ಬಿಟ್ಟುಕೊಟ್ಟು ತಪಸ್ಸಿಗೆ ನಿಂತ ಬಾಹುಬಲಿಯ ಮೂರ್ತಿ. ರಣವನ್ನು ಬಲ್ಲವನಿಗೇ ಶಾಂತಿಯ ಬೆಲೆಯೂ ಚೆನ್ನಾಗಿ ತಿಳಿದಿರುತ್ತದೆ.

ಸೇನಾನಿಯ ನೆನಪಿಗೊಂದು ಜಿನಾಲಯ

ಹೊಯ್ಸಳ ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜನ ಹೆಸರು ತಲಕಾಡಿನ ವಿಜಯದೊಡನೆ ಸೇರಿಕೊಂಡಿದೆ. ಕ್ರಿ.ಶ. 1118ರಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಸೈನ್ಯವು ಹನ್ನೆರಡು ಮಂದಿ ಸಾಮಂತರೊಡನೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದಾಗ, ಗಂಗರಾಜನು ರಾತ್ರಿಯಲ್ಲಿ ಅದರ ಮೇಲೆ ಎರಗಿ ಚದುರಿಸಿದನು. ಸಂತುಷ್ಟನಾದ ಅರಸನು ಬೇಕಾದುದನ್ನು ಕೇಳೆಂದಾಗ ಅವನು ತನ್ನ ಭೋಗಕ್ಕೆ ಏನನ್ನೂ ಬಯಸಲಿಲ್ಲ. ಪರಮ ಎಂಬ ಗ್ರಾಮವನ್ನು ಪಡೆದು, ತಾಯಿ ಪೋಚಿಕಬ್ಬೆಯೂ ಮಡದಿ ಲಕ್ಷ್ಮಿಯೂ ಕಟ್ಟಿಸಿದ ಜಿನಾಲಯಗಳಿಗೆ ದತ್ತಿಯಾಗಿ ಬಿಟ್ಟನು.

ಗಂಗರಾಜನು ತೀರಿಕೊಂಡ ಮೇಲೆ ಮಗ ಬೊಪ್ಪನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ, ಅಂದರೆ ಇಂದಿನ ಹಳೇಬೀಡಿನಲ್ಲಿ, ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ತಂದೆಯ ಬಿರುದನ್ನೇ ಅದಕ್ಕಿಟ್ಟು ದ್ರೋಹಘರಟ್ಟ ಜಿನಾಲಯವೆಂದು ಕರೆದನು. ಕ್ರಿ.ಶ. 1133ರಲ್ಲಿ ಅಲ್ಲಿ ಪ್ರತಿಷ್ಠೆ ನಡೆಯಿತು. ಪ್ರತಿಷ್ಠೆಯ ಶೇಷವನ್ನು ಅರ್ಚಕರು ಬಂಕಾಪುರದಲ್ಲಿದ್ದ ವಿಷ್ಣುವರ್ಧನನಲ್ಲಿಗೆ ಕೊಂಡೊಯ್ದರು. ಆಗ ತಾನೇ ಅರಸನಿಗೆ ಯುದ್ಧದಲ್ಲಿ ಜಯ ಲಭಿಸಿತ್ತು. ರಾಣಿ ಲಕ್ಷ್ಮೀದೇವಿಗೆ ಪುತ್ರೋತ್ಸವವೂ ಆಗಿತ್ತು. ಅವನು ಶೇಷವನ್ನು ಭಕ್ತಿಯಿಂದ ಸ್ವೀಕರಿಸಿ, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟನು.

ಹಳೇಬೀಡಿಗೆ ಹೋದ ಯಾತ್ರಿಕರು ಆ ಬಸದಿಯ ನಯಗೊಂಡ ಕಂಬಗಳಲ್ಲಿ ತಮ್ಮ ಪ್ರತಿಬಿಂಬವನ್ನು ನೋಡಿ ಬೆರಗಾಗುತ್ತಾರೆ. ಅದು ಸೈನಿಕನಾದ ತಂದೆಗೆ ಮಗನೊಬ್ಬನು ಸಲ್ಲಿಸಿದ ಸ್ಮಾರಕವೆಂಬುದು ಅವರಲ್ಲಿ ಎಷ್ಟು ಮಂದಿಗೆ ನೆನಪಿರುತ್ತದೆ? ಯೋಧಸ್ಮರಣೆ, ಪಿತೃಭಕ್ತಿ, ಜಿನಭಕ್ತಿ ಈ ಮೂರೂ ಒಂದೇ ಪ್ರತಿಷ್ಠೆಯಲ್ಲಿ ಕೂಡಿಬಂದ ಅಪೂರ್ವ ಸನ್ನಿವೇಶವದು.

ಕೃಷ್ಣಾ ಘಟಪ್ರಭೆಗಳ ಸೀಮೆಯಲ್ಲಿ

ಸಾವಳಗಿ, ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿಗಳನ್ನೊಳಗೊಂಡ ಈ ಸೀಮೆಯೂ ಇದೇ ಪರಂಪರೆಯ ನೆಲ. ತೇರದಾಳದಲ್ಲಿ ಮಂಡಳಿಕ ಗೊಂಕನು ನೇಮಿನಾಥ ಜಿನಾಲಯವನ್ನು ಕಟ್ಟಿಸಿ, ಕ್ರಿ.ಶ. 1123ರ ಸುಮಾರಿಗೆ ದತ್ತಿಗಳನ್ನು ಬಿಟ್ಟನು. ಕೊಲ್ಲಾಪುರದ ಮಾಘನಂದಿ ಸೈದ್ಧಾಂತಿಕರ ಹೆಸರು ಆ ಶಾಸನದಲ್ಲಿ ಪೂಜ್ಯಭಾವದಿಂದ ಬಂದಿದೆ. ಶಿಲಾಹಾರ ಗಂಡರಾದಿತ್ಯನ ಸಾಮಂತನಾದ ನಿಂಬದೇವನೂ ಅದೇ ಮಾಘನಂದಿಗಳ ಶಿಷ್ಯ. ಕತ್ತಿಯನ್ನು ಸೊಂಟದಲ್ಲಿ ಧರಿಸಿದ ಇಂಥವರೇ ಈ ಭಾಗದಲ್ಲಿ ಬಸದಿಗಳಿಗೆ ಆಧಾರಸ್ತಂಭವಾಗಿದ್ದರು.

ಕಾಲಾಂತರದಲ್ಲಿ ವೀರಗಲ್ಲು ನೆಡಿಸುವ ರೂಢಿ ಕ್ಷೀಣಿಸಿತು. ಕಲ್ಲು ಮಾಡುತ್ತಿದ್ದ ಕೆಲಸವನ್ನು ಆಗ ಹಾಡು ಕೈಗೆತ್ತಿಕೊಂಡಿತು. ಮುಧೋಳ ತಾಲೂಕಿನ ಹಲಗಲಿಯ ವೃತ್ತಾಂತವು ಇದಕ್ಕೆ ದೃಷ್ಟಾಂತ. 1857ರಲ್ಲಿ ಬ್ರಿಟಿಷರು ಆಯುಧಗಳನ್ನು ಒಪ್ಪಿಸಬೇಕೆಂದು ಕಾಯಿದೆ ಜಾರಿಗೊಳಿಸಿದಾಗ, ಪರಂಪರೆಯಿಂದ ಬಂದ ಹತಾರಗಳನ್ನು ಕೊಡಲು ಹಲಗಲಿಯ ಬೇಡರು ನಿರಾಕರಿಸಿದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಬ್ರಿಟಿಷ್ ದಂಡು ಊರನ್ನು ಮುತ್ತಿತು. ಮನೆಗಳಿಗೆ ಬೆಂಕಿಯಿಟ್ಟಿತು. ಹೋರಾಡಿದವರಲ್ಲಿ ಅನೇಕರು ಅಲ್ಲಿಯೇ ಮಡಿದರು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು ಡಿಸೆಂಬರ್ ತಿಂಗಳಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಜನರ ಕಣ್ಣೆದುರು ಗಲ್ಲಿಗೇರಿಸಲಾಯಿತು. ಸರಕಾರದ ಕಡತಗಳ ದೃಷ್ಟಿಯಲ್ಲಿ ಅವರು ದಂಗೆಕೋರರು. ಜನರಾದರೋ ಹನುಮ, ಬಾಲ, ಜಡಗ, ರಾಮ ಎಂದು ಹೆಸರು ಹಿಡಿದು ಲಾವಣಿ ಕಟ್ಟಿ ಹಾಡಿದರು. ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚಿಗೆ ತಂದವನು ಬ್ರಿಟಿಷ್ ಅಧಿಕಾರಿಯೂ ಶಾಸನತಜ್ಞನೂ ಆದ ಜಾನ್ ಫೇಯ್ತ್‌ಫುಲ್ ಫ್ಲೀಟ್ ಎಂಬುದು ಗಮನಾರ್ಹ. ಆಳುವವರು ಅಳಿಸಬೇಕೆಂದ ಹೆಸರುಗಳನ್ನು ಜನಪದರ ನಾಲಿಗೆ ಉಳಿಸಿತು. ಆಳುವವರಲ್ಲಿಯೇ ಒಬ್ಬನು ಅದನ್ನು ಬರೆದಿಟ್ಟನು.

ಸಂಖ್ಯೆಯಾಗಿ ಉಳಿದವರು

ಇಪ್ಪತ್ತನೆಯ ಶತಮಾನದ ಮಹಾಯುದ್ಧಗಳು ಮರಣದ ಪ್ರಮಾಣವನ್ನೇ ಬದಲಾಯಿಸಿದವು. 1914ರಿಂದ 1918ರವರೆಗಿನ ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಭಾರತೀಯರು ಸಮುದ್ರ ದಾಟಿ ಸೇವೆ ಸಲ್ಲಿಸಿದರು. ಬೆಳಗಾವಿಯೊಡನೆ ದೀರ್ಘಕಾಲದ ನಂಟನ್ನು ಬೆಳೆಸಿಕೊಂಡ ಮರಾಠಾ ಪಲ್ಟನ್‌ಗಳು ಇಂದಿನ ಇರಾಕ್ ದೇಶದ ಕುಟ್ ಎಂಬಲ್ಲಿ ತುರ್ಕರ ಮುತ್ತಿಗೆಗೆ ಸಿಕ್ಕಿದವು. 1915ರ ಡಿಸೆಂಬರ್‌ನಲ್ಲಿ ಆರಂಭವಾದ ಆ ಮುತ್ತಿಗೆ 1916ರ ಏಪ್ರಿಲ್ 29ರಂದು ಶರಣಾಗತಿಯಲ್ಲಿ ಮುಗಿಯಿತು. ಹಸಿವೆಯಿಂದ, ರೋಗದಿಂದ, ಆಮೇಲಿನ ಸೆರೆವಾಸದಿಂದ ಸತ್ತವರು ಬಹಳ. ಮೈಸೂರು ಸಂಸ್ಥಾನದ ಅಶ್ವದಳವು 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ನಗರವನ್ನು ಗೆದ್ದದ್ದು ಅದೇ ಯುದ್ಧದಲ್ಲಿ.

ಸತ್ತವರ ಸ್ಮರಣೆ ಹೇಗೆ ನಡೆಯಿತು? ದೆಹಲಿಯಲ್ಲಿ 1931ರಲ್ಲಿ ಅನಾವರಣಗೊಂಡ ಇಂಡಿಯಾ ಗೇಟಿನ ಮೇಲೆ 13 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. ಆದರೆ ಇರಾಕಿನ ಬಸ್ರಾದಲ್ಲಿ, ಸಮಾಧಿಯೂ ದೊರೆಯದ 40 ಸಾವಿರಕ್ಕೂ ಹೆಚ್ಚು ಮಂದಿಗಾಗಿ ನಿರ್ಮಿಸಿದ ಸ್ಮಾರಕದಲ್ಲಿ ಒಂದು ಭೇದ ನುಸುಳಿತು. ಬ್ರಿಟಿಷ್ ಸೈನಿಕರ ಹೆಸರುಗಳನ್ನೂ ಭಾರತೀಯ ದಳಗಳ ಅಧಿಕಾರಿಗಳ ಹೆಸರುಗಳನ್ನೂ ಫಲಕಗಳಲ್ಲಿ ಕೆತ್ತಿಸಿದರು. ಸಾಮಾನ್ಯ ಭಾರತೀಯ ಸಿಪಾಯಿಗಳನ್ನು ಮಾತ್ರ ಆಯಾ ಪಲ್ಟನ್ನಿನ ಹೆಸರಿನಡಿ ಬರಿಯ ಸಂಖ್ಯೆಯಾಗಿ ತೋರಿಸಿದರು. ಇಂಥ ತಾರತಮ್ಯ ಅನೇಕ ಕಡೆ ನಡೆಯಿತೆಂದು ಯುದ್ಧಸಮಾಧಿಗಳ ಉಸ್ತುವಾರಿ ಹೊತ್ತ ಕಾಮನ್‌ವೆಲ್ತ್ ಆಯೋಗವೇ 2021ರಲ್ಲಿ ಒಪ್ಪಿಕೊಂಡು ಕ್ಷಮೆ ಕೋರಿತು. ಸಾವಿರ ವರ್ಷಗಳ ಹಿಂದೆ ದನ ಕಾಯ್ದು ಸತ್ತ ಹಳ್ಳಿಯ ಮನುಷ್ಯನಿಗೆ ಊರವರು ಸಲ್ಲಿಸಿದ ಮರ್ಯಾದೆಯನ್ನು ದೊಡ್ಡ ಸಾಮ್ರಾಜ್ಯವೊಂದು ತನ್ನ ಸಿಪಾಯಿಗೆ ಸಲ್ಲಿಸದೆ ಹೋಯಿತು.

ಸ್ವತಂತ್ರ ಭಾರತವು ಈ ಕೊರತೆಯನ್ನು ಮುಂದುವರಿಸಲಿಲ್ಲ. ದೆಹಲಿಯಲ್ಲಿ 2019ರ ಫೆಬ್ರವರಿ 25ರಂದು ಲೋಕಾರ್ಪಣೆಗೊಂಡ ರಾಷ್ಟ್ರೀಯ ಯುದ್ಧಸ್ಮಾರಕದಲ್ಲಿ, 1947ರಿಂದೀಚೆಗೆ ಪ್ರಾಣಾರ್ಪಣೆ ಮಾಡಿದ ಸುಮಾರು 26 ಸಾವಿರ ಯೋಧರ ಹೆಸರುಗಳನ್ನು ಒಬ್ಬೊಬ್ಬರಿಗೆ ಒಂದೊಂದು ಕಲ್ಲಿನಂತೆ ಕೆತ್ತಲಾಯಿತು. ಅಲ್ಲಿ ಸೇನಾನಿಯ ಕಲ್ಲಿಗೂ ಸಿಪಾಯಿಯ ಕಲ್ಲಿಗೂ ಭೇದವಿಲ್ಲ. ಇನ್ನು 1949ರಿಂದ ಪ್ರತಿವರ್ಷ ಡಿಸೆಂಬರ್ 7ರಂದು ನಡೆದುಬಂದಿರುವ ಸಶಸ್ತ್ರ ಪಡೆಗಳ ಧ್ವಜ ದಿನವು ಯೋಧರ ಕುಟುಂಬಗಳ ಸಹಾಯಕ್ಕಾಗಿ ನಿಧಿ ಕೂಡಿಸುವ ದಿನ. ಹೆಸರು ಹೊಸದಾದರೂ ಇದು ಹಳೆಯ ನೆತ್ತರುಗೊಡಗೆಯ ನ್ಯಾಯವೇ.

ಆದರೂ ಜನರ ನೆನಪು ಬಹು ಬೇಗ ಮಾಸುತ್ತದೆ. 2016ರ ಫೆಬ್ರವರಿ 3ರಂದು ಸಿಯಾಚಿನ್ ಹಿಮನದಿಯಲ್ಲಿ ಹಿಮಕುಸಿತಕ್ಕೆ ಮದ್ರಾಸ್ ರೆಜಿಮೆಂಟಿನ ಹತ್ತು ಯೋಧರು ಸಿಕ್ಕಿದರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನ ಹಿಮದಡಿ ಬದುಕಿದ್ದು, ಹೊರತೆಗೆದ ಮೇಲೆ ಫೆಬ್ರವರಿ 11ರಂದು ದೆಹಲಿಯಲ್ಲಿ ಕೊನೆಯುಸಿರೆಳೆದರು. ನಾಡೆಲ್ಲ ಅವರಿಗಾಗಿ ಮರುಗಿತು. ಅದೇ ಹಿಮದಲ್ಲಿ ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ ಇವರೂ ಪ್ರಾಣ ತೆತ್ತರು. ಹನುಮಂತಪ್ಪನವರ ಹೆಸರನ್ನು ಬಲ್ಲವರಲ್ಲಿ ಈ ಇಬ್ಬರ ಹೆಸರನ್ನು ಬಲ್ಲವರು ವಿರಳ. ಮರೆವಿಗೆ ಒಂದು ಶತಮಾನ ಬೇಕಿಲ್ಲ; ಹತ್ತು ವರ್ಷ ಸಾಕು.

ಉಳಿದಿರುವ ಋಣ

ಇಷ್ಟರಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಯೋಧಸ್ಮರಣೆಯ ಮೊದಲ ಅಂಗ ಅವನ ಹೆಸರನ್ನು ಉಳಿಸುವುದು. ಎರಡನೆಯದು ಅವನ ಮನೆಯವರನ್ನು ಪೊರೆಯುವುದು. ಮೂರನೆಯದು, ಅವನ ತ್ಯಾಗವನ್ನು ದ್ವೇಷದ ಬೀಜವಾಗಿಸದೆ ಶಾಂತಿಯ ಕಡೆಗೆ ತಿರುಗಿಸುವುದು. ವೀರಗಲ್ಲಿನ ಬರಹ ಮೊದಲನೆಯದನ್ನು ಮಾಡಿತು. ನೆತ್ತರುಗೊಡಗೆ ಎರಡನೆಯದನ್ನು ಮಾಡಿತು. ಕಲ್ಲಿನ ಮೇಲ್ಪಟ್ಟಿಕೆಯ ಜಿನಬಿಂಬ ಮೂರನೆಯದನ್ನು ಮಾಡಿತು. ಈ ಮೂರರಲ್ಲಿ ಒಂದನ್ನು ಬಿಟ್ಟರೂ ಸ್ಮರಣೆ ಅಪೂರ್ಣ.

ಜೈನ ಸಮಾಜಕ್ಕೆ ಈ ವಿಷಯದಲ್ಲಿ ವಿಶೇಷವಾದ ಹೊಣೆಯಿದೆ. ಪ್ರತಿದಿನ ಶಾಂತಿಪಾಠದಲ್ಲಿ ಸಕಲ ಪ್ರಜೆಗೆ ಕ್ಷೇಮವನ್ನು ಕೋರುವ ಶ್ರಾವಕರು, ಆ ಕ್ಷೇಮಕ್ಕಾಗಿ ಗಡಿಯಲ್ಲಿ ನಿಂತವರನ್ನು ನೆನೆಯುವುದು ಧರ್ಮಕ್ಕೆ ಹೊರಗಾದುದಲ್ಲ. ಜೀರ್ಣೋದ್ಧಾರದ ಕಾಲದಲ್ಲಿ ಹಳೆಯ ಬಸದಿಗಳ ಸುತ್ತ ದೊರೆಯುವ ವೀರಗಲ್ಲು, ನಿಸಿದಿಗಲ್ಲುಗಳನ್ನು ಅಡಿಪಾಯಕ್ಕೆ ಹಾಕದೆ, ಬಟ್ಟೆ ಒಗೆಯುವ ಕಲ್ಲಾಗಲು ಬಿಡದೆ, ಆವರಣದಲ್ಲಿ ಸಾಲಾಗಿ ನಿಲ್ಲಿಸಿ ಕಾಪಾಡಬೇಕು. ಅಕ್ಷರಗಳ ಮೇಲೆ ಸುಣ್ಣವನ್ನಾಗಲಿ ಬಣ್ಣವನ್ನಾಗಲಿ ಬಳಿಯದೆ ಬಲ್ಲವರಿಂದ ಓದಿಸಬೇಕು. ಯಾವ ಜಾತಿಯವರೇ ಆಗಲಿ, ಊರಿನಿಂದ ಸೈನ್ಯಕ್ಕೆ ಹೋಗಿ ಮರಳದವರ ಹೆಸರು, ಪಲ್ಟನ್ನು, ಮಡಿದ ಸ್ಥಳ, ವರ್ಷ ಇವುಗಳನ್ನು ಅವರ ಮನೆಯ ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡಬೇಕು. ಪ್ರತಿಷ್ಠೆಯ ದಾನದಲ್ಲಿ ಒಂದು ಪಾಲು ಅಂಥ ಮನೆಯ ಮಕ್ಕಳ ವಿದ್ಯೆಗೆ ಸಂದರೆ, ಪರಮ ಗ್ರಾಮವನ್ನು ಕೇಳಿ ಪಡೆದು ಬಿಟ್ಟುಕೊಟ್ಟ ಗಂಗರಾಜನ ಪರಂಪರೆ ಮುಂದುವರಿದಂತಾಗುತ್ತದೆ.

ನೆತ್ತರನ್ನು ಕೊಟ್ಟವರು ತಮ್ಮ ಪಾಲಿನ ಕೆಲಸವನ್ನು ಮುಗಿಸಿ ಹೋಗಿದ್ದಾರೆ. ಅವರ ಹೆಸರನ್ನು ಉಳಿಸುವ ಕೆಲಸ ಬದುಕಿರುವವರದು. ಬೊಪ್ಪನ ಹೆಸರನ್ನು ಹಳೇಬೀಡಿನ ಬಸದಿ, ತಂದೆಯ ಹೆಸರಿನೊಡನೆಯೇ, ಇಂದಿಗೂ ಹೊತ್ತು ನಿಂತಿದೆ.